ಕರ್ನಾಟಕದ ಮನೆಯಿಂದಲೇ ಅಮೆರಿಕದ ರೆಸಿಡೆನ್ಸಿ ಸಂದರ್ಶನಕ್ಕೆ ಕೂರುವವರಿಗೆ

2020ಕ್ಕಿಂತ ಮೊದಲು ಅಮೆರಿಕದಲ್ಲಿ ತಜ್ಞ ವೈದ್ಯರಾಗಲು ಆಸ್ಪತ್ರೆಯಲ್ಲಿ ಪಡೆಯುವ ರೆಸಿಡೆನ್ಸಿ ತರಬೇತಿಗೆ ಅರ್ಜಿ ಹಾಕಿದ ನಮ್ಮ ಎಂಬಿಬಿಎಸ್ ಪದವೀಧರರು ಸಂದರ್ಶನಕ್ಕಾಗಿಯೇ ವಿಮಾನ ಹತ್ತಬೇಕಿತ್ತು. ಎರಡು ಮೂರು ತಿಂಗಳು ಬಂಧುಗಳ ಅಥವಾ ಗೆಳೆಯರ ಮನೆಯಲ್ಲಿ ತಂಗಿ, ಒಂದೇ ಕೋಟನ್ನು ಮತ್ತೆ ಮತ್ತೆ ಇಸ್ತ್ರಿ ಮಾಡಿಸಿಕೊಂಡು ಊರಿಂದೂರಿಗೆ ಅಲೆದು, ಹಲವು ಲಕ್ಷ ರೂಪಾಯಿ ಖರ್ಚು ಮಾಡಿ ಹಿಂತಿರುಗುತ್ತಿದ್ದರು. ಕೋವಿಡ್ ಬಂದ ವರ್ಷ ಆ ದೇಶದ ವೈದ್ಯಕೀಯ ಕಾಲೇಜುಗಳ ಸಂಘವು ಸಂದರ್ಶನಗಳನ್ನೆಲ್ಲ ಆನ್‌ಲೈನ್‌ನಲ್ಲಿ ನಡೆಸುವಂತೆ ಸಲಹೆ ಮಾಡಿತು. ಸೋಂಕು ಇಳಿದ ಮೇಲೂ ಈ ತರಬೇತಿ ನೀಡುವ ಹೆಚ್ಚಿನ ಆಸ್ಪತ್ರೆ ವಿಭಾಗಗಳು, ಎಂದರೆ ಪ್ರೋಗ್ರಾಂಗಳು, ಆ ಪದ್ಧತಿಯನ್ನು ಬಿಡಲಿಲ್ಲ. ಹಾಸನದಲ್ಲೋ ಬೀದರಿನಲ್ಲೋ ಕುಳಿತವರಿಗೂ ಈಗ ಆ ಬಾಗಿಲು ಮನೆಯಿಂದಲೇ ತೆರೆಯುತ್ತದೆ; ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ನಾನು ಆ ಮೊದಲ ಆನ್‌ಲೈನ್ ವರ್ಷದಲ್ಲಿ ದಾವಣಗೆರೆಯ ನಮ್ಮ ಮನೆಯ ಒಂದು ಕೋಣೆಯಿಂದ ಇಂಟರ್ನಲ್ ಮೆಡಿಸಿನ್ ಸಂದರ್ಶನಗಳನ್ನು ಎದುರಿಸಿದೆ. ಮೂರು ವರ್ಷದ ತರಬೇತಿ ಮುಗಿದ ಮೇಲೆ ಈಗ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತು ಅಭ್ಯರ್ಥಿಗಳೊಡನೆ ಮಾತನಾಡುತ್ತೇನೆ. ಸಂದರ್ಶನಕ್ಕೆ ಕರೆ ಬಂದಿತೆಂದರೆ ನಿಮ್ಮ ಅಂಕ, ಶಿಫಾರಸು ಪತ್ರಗಳನ್ನು ಅವರು ಓದಿ ಒಪ್ಪಿದ್ದಾರೆಂದೇ ಅರ್ಥ. ಒಬ್ಬೊಬ್ಬ ಸಂದರ್ಶಕರೊಡನೆ ಸಿಗುವ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಅವರು ತಿಳಿಯಬಯಸುವುದು ಮುಖ್ಯವಾಗಿ ಒಂದು ಸಂಗತಿಯನ್ನು: ರಾತ್ರಿ ಮೂರು ಗಂಟೆಗೆ ರೋಗಿಯ ರಕ್ತದೊತ್ತಡ ಕುಸಿಯುತ್ತಿರುವಾಗ ಈ ವ್ಯಕ್ತಿ ನನಗೆ ನಿಜವನ್ನು ನೇರವಾಗಿ ಹೇಳುತ್ತಾರೆಯೇ, ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಸಹಾಯ ಕೇಳುತ್ತಾರೆಯೇ? ಎದುರಾಎದುರು ಕುಳಿತಾಗ ಈ ನಂಬಿಕೆ ನಡಿಗೆಯಲ್ಲಿ, ನಗುವಿನಲ್ಲಿ, ಕಾರಿಡಾರಿನ ಮಾತಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ಪರದೆಯ ಮೇಲೆ ಅದರಲ್ಲಿ ಅರ್ಧ ಸೋರಿಹೋಗುತ್ತದೆ. ಹಾಗೆ ಸೋರಿಹೋಗುವುದನ್ನು ತಡೆಯುವುದೇ ಮುಂದೆ ಹೇಳುವ ಸಿದ್ಧತೆಗಳೆಲ್ಲದರ ಉದ್ದೇಶ.

ಮೊದಲು ಗಡಿಯಾರವನ್ನು ಸರಿಪಡಿಸಿಕೊಳ್ಳಿ

ಅರ್ಜಿಗಳು ಸೆಪ್ಟೆಂಬರ್ ಕೊನೆಯ ವೇಳೆಗೆ ಪ್ರೋಗ್ರಾಂಗಳ ಕೈ ಸೇರುತ್ತವೆ. ಸಂದರ್ಶನಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ ನಡೆಯುತ್ತವೆ. ಈ ಅವಧಿಯ ನಡುವೆಯೇ, ನವೆಂಬರ್ ತಿಂಗಳ ಮೊದಲ ಭಾನುವಾರ, ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನ್ಯೂಯಾರ್ಕಿನ ಬೆಳಗಿನ ಎಂಟು ಗಂಟೆಯೆಂದರೆ ಅಕ್ಟೋಬರ್‌ನಲ್ಲಿ ನಮಗೆ ಸಂಜೆ 5:30. ಆ ಭಾನುವಾರದ ನಂತರ ಅದು 6:30. ಶಿಕಾಗೋದ ಎಂಟು ಗಂಟೆ 6:30 ಇದ್ದದ್ದು 7:30 ಆಗುತ್ತದೆ, ಕ್ಯಾಲಿಫೋರ್ನಿಯಾದ ಎಂಟು ಗಂಟೆ ರಾತ್ರಿ 8:30 ಇದ್ದದ್ದು 9:30 ಆಗುತ್ತದೆ. ಅರಿಜೋನಾ ರಾಜ್ಯದ ಬಹುಭಾಗದಲ್ಲಿ ಗಡಿಯಾರವನ್ನು ತಿರುಗಿಸುವ ಪದ್ಧತಿಯೇ ಇಲ್ಲ, ಅಲ್ಲಿಯ ಎಂಟು ಗಂಟೆ ನಮಗೆ ಸದಾ ರಾತ್ರಿ 8:30. ನವೆಂಬರ್‌ನಲ್ಲಿ ಈ ಬದಲಾವಣೆಯನ್ನು ಮರೆತವರು ಒಂದು ಗಂಟೆ ಮೊದಲೇ ಬಂದು ಸುಮ್ಮನೆ ಕಾಯುತ್ತಾರೆ, ಅಷ್ಟೇ. ಆದರೆ ಅಕ್ಟೋಬರ್‌ನ ಸಂದರ್ಶನಕ್ಕೆ ಚಳಿಗಾಲದ ಲೆಕ್ಕ ಹಾಕಿದವರು ಒಂದು ಗಂಟೆ ತಡವಾಗಿ ಬರುತ್ತಾರೆ, ಆ ತಪ್ಪಿಗೆ ಪರಿಹಾರ ಸಿಗುವುದು ಕಷ್ಟ.

ಇದಕ್ಕಿಂತ ಅಪಾಯಕಾರಿಯಾದದ್ದು ತಾರೀಖಿನ ಗೊಂದಲ. ಅನೇಕ ಪ್ರೋಗ್ರಾಂಗಳು ಸಂದರ್ಶನದ ಹಿಂದಿನ ಸಂಜೆ ಅಲ್ಲಿ ತರಬೇತಿ ಪಡೆಯುತ್ತಿರುವ ರೆಸಿಡೆಂಟರೊಂದಿಗೆ ಅನೌಪಚಾರಿಕ ಮಾತುಕತೆಯನ್ನು ಏರ್ಪಡಿಸುತ್ತವೆ. ಡಿಸೆಂಬರ್‌ನ ಒಂದು ಮಂಗಳವಾರ ಈಸ್ಟರ್ನ್ ಸಮಯ ಸಂಜೆ ಆರಕ್ಕೆ ಅದು ಇದೆ ಎಂದರೆ, ನಮಗೆ ಅದು ಬುಧವಾರ ನಸುಕಿನ 4:30. ಅದೇ ಬುಧವಾರ ಸಂಜೆ 6:30ಕ್ಕೆ ನಿಮ್ಮ ಸಂದರ್ಶನ. ಈ ಎರಡನ್ನೂ ಒಂದು ಹಾಳೆಯಲ್ಲಿ, ವಾರದ ಹೆಸರಿನೊಂದಿಗೆ, ಅಲ್ಲಿಯ ಸಮಯ ಮತ್ತು ನಮ್ಮ ಸಮಯವನ್ನು ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿ, ಬರೆದದ್ದನ್ನು ಮನೆಯವರಲ್ಲೊಬ್ಬರಿಂದ ಮತ್ತೊಮ್ಮೆ ಲೆಕ್ಕ ಹಾಕಿಸಿ. ಫೋನಿನ ಕ್ಯಾಲೆಂಡರಿಗೆ ನಮೂದಿಸುವಾಗ ಸಮಯವಲಯವನ್ನು ಅಮೆರಿಕದ ಆ ಊರಿಗೇ ಹೊಂದಿಸಿದರೆ ಉಳಿದದ್ದನ್ನು ಫೋನ್ ತಾನೇ ಪರಿವರ್ತಿಸುತ್ತದೆ.

ಸಂದರ್ಶನದ ಕರೆಯೂ ಅವರ ಕಚೇರಿಯ ವೇಳೆಯಲ್ಲಿ, ಎಂದರೆ ನಮ್ಮ ಸಂಜೆ ಆರೂವರೆಯಿಂದ ಬೆಳಗಿನ ಜಾವದ ನಡುವೆ ಬರುತ್ತದೆ. ಒಳ್ಳೆಯ ದಿನಾಂಕಗಳು ಕೆಲವೇ ಗಂಟೆಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿ ತುಂಬಿಹೋಗುವುದರಿಂದ, ಅರ್ಜಿಗೆ ಕೊಟ್ಟ ಇಮೇಲ್ ವಿಳಾಸವನ್ನು ಬೇರೆ ಯಾವುದಕ್ಕೂ ಬಳಸದೆ, ಆ ವಿಳಾಸಕ್ಕೆ ಬರುವ ಪತ್ರಗಳಿಗೆ ಮಾತ್ರ ಗಟ್ಟಿಯಾದ ಸದ್ದನ್ನು ಇಟ್ಟುಕೊಂಡು ಮಲಗಿ. ಒಂದೇ ದಿನ ಎರಡು ಸಂದರ್ಶನಗಳನ್ನು ಒಪ್ಪಿಕೊಳ್ಳಬೇಡಿ. ಹೋಗುವ ಮನಸ್ಸಿಲ್ಲದ ಸಂದರ್ಶನವನ್ನು ಕನಿಷ್ಠ ಎರಡು ವಾರ ಮೊದಲೇ ಬಿಟ್ಟುಕೊಡಿ. ಆ ಜಾಗಕ್ಕಾಗಿ ನಿಮ್ಮಂತೆಯೇ ರಾತ್ರಿಯೆಲ್ಲ ಎಚ್ಚರವಿದ್ದು ಕಾಯುತ್ತಿರುವ ಇನ್ನೊಬ್ಬರಿದ್ದಾರೆ.

ಕರೆಂಟು, ಇಂಟರ್ನೆಟ್, ಕೋಣೆ

ನನ್ನ ಮೂರನೆಯ ಸಂದರ್ಶನದ ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿಯಿತ್ತು, ರೌಟರಿಗೆ ಇರಲಿಲ್ಲ. ಫೋನಿನ ಹಾಟ್‌ಸ್ಪಾಟ್ ಹಚ್ಚಿ ಮರಳಿ ಸೇರಲು ನಾಲ್ಕು ನಿಮಿಷ ಹಿಡಿಯಿತು; ಸೇರಿದ ಮೇಲೆ ನಮ್ಮೂರಿನ ವಿದ್ಯುತ್ ಪರಿಸ್ಥಿತಿಯನ್ನು ವಿವರಿಸುತ್ತ ಇನ್ನೆರಡು ನಿಮಿಷಗಳನ್ನು ನಾನೇ ಕಳೆದೆ. ಕಡಿತವಾದದ್ದಕ್ಕೆ ಆ ಸಂದರ್ಶಕರು ಬೇಸರಪಟ್ಟಿರಲಾರರು. ಆದರೆ ಅವರು ಕೇಳಿದ್ದ ಪ್ರಶ್ನೆಗೆ ಉತ್ತರವನ್ನು ಪೂರ್ಣಗೊಳಿಸಲು ನನಗೆ ಸಮಯ ಉಳಿಯಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ರೌಟರಿಗೆಂದೇ ಮಾರುವ ಸಣ್ಣ ಯುಪಿಎಸ್ ಒಂದನ್ನು ಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದೆಯೆಂದು ನಿಶ್ಚಿಂತರಾಗಬೇಡಿ: ನಿಮ್ಮ ಎಸ್ಕಾಂ ದುರಸ್ತಿಗಾಗಿ ಹಗಲಿಡೀ ಲೈನ್ ತೆಗೆದ ದಿನ, ಸಂಜೆ ನಿಮ್ಮ ಸರದಿ ಬರುವ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತದೆ. ಪತ್ರಿಕೆಯಲ್ಲಿ ಪ್ರಕಟವಾಗುವ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ಆ ವಾರ ತಪ್ಪದೆ ನೋಡಿ. ಬೀದಿಯಲ್ಲಿರುವ ಇಂಟರ್ನೆಟ್ ಕಂಪನಿಯ ಪೆಟ್ಟಿಗೆಗೇ ಕರೆಂಟು ಇಲ್ಲದಿದ್ದರೆ ಮನೆಯ ಯುಪಿಎಸ್ ಏನೂ ಮಾಡಲಾಗದು; ಅದಕ್ಕಾಗಿ ನಿಮ್ಮ ಬ್ರಾಡ್‌ಬ್ಯಾಂಡ್ ಯಾವ ಕಂಪನಿಯದೋ ಅದಲ್ಲದ ಬೇರೊಂದು ಕಂಪನಿಯ ಸಿಮ್ ಇರುವ ಫೋನಿನಲ್ಲಿ ಹಾಟ್‌ಸ್ಪಾಟನ್ನು ಸಿದ್ಧವಾಗಿಟ್ಟು, ಅದಕ್ಕೆ ಲ್ಯಾಪ್‌ಟಾಪನ್ನು ಮೊದಲೇ ಒಮ್ಮೆ ಜೋಡಿಸಿ ನೋಡಿರಬೇಕು. ಸಾಧ್ಯವಾದರೆ ವೈಫೈ ಬಿಟ್ಟು ರೌಟರಿನಿಂದ ನೇರ ತಂತಿ ಎಳೆದುಕೊಳ್ಳಿ.

ಅಕ್ಟೋಬರ್ ಮತ್ತು ನವೆಂಬರ್ ನಮ್ಮಲ್ಲಿ ಹಿಂಗಾರಿನ ತಿಂಗಳುಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರು, ಕೋಲಾರದ ಕಡೆ ಸಂಜೆಗಳೆಲ್ಲ ಮಳೆ. ದೀಪಾವಳಿಯ ಪಟಾಕಿ, ನವೆಂಬರ್ ತಿಂಗಳಿಡೀ ಬಡಾವಣೆಗೊಂದರಂತೆ ನಡೆಯುವ ರಾಜ್ಯೋತ್ಸವದ ಆರ್ಕೆಸ್ಟ್ರಾ, ಪಕ್ಕದ ಕಲ್ಯಾಣ ಮಂಟಪದ ಆರತಕ್ಷತೆ, ಇವೆಲ್ಲವೂ ಸಂಜೆ ಆರರಿಂದ ಹತ್ತರ ನಡುವೆಯೇ ಬರುತ್ತವೆ, ನಿಮ್ಮ ಸಂದರ್ಶನವೂ ಅದೇ ಹೊತ್ತಿನಲ್ಲಿ. ಬೀದಿಗೆ ಮುಖ ಮಾಡದ, ಹೊದಿಕೆ ಹಾಸಿಗೆಗಳಿರುವ ಒಳಕೋಣೆಯಲ್ಲಿ ಸದ್ದು ಕಡಿಮೆ, ಮಾರ್ದನಿಯೂ ಕಡಿಮೆ. ಅಂಥ ಕೋಣೆ ಮನೆಯಲ್ಲಿಲ್ಲದಿದ್ದರೆ ಓದಿದ ಕಾಲೇಜಿನಲ್ಲಿಯೋ ಪರಿಚಿತರ ಕ್ಲಿನಿಕ್ಕಿನಲ್ಲಿಯೋ ಒಂದು ಕೋಣೆಯನ್ನು ಆ ದಿನದ ಮಟ್ಟಿಗೆ ಕೇಳಿ ಪಡೆಯಲು ಸಂಕೋಚ ಬೇಡ.

ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪನ್ನು ನಾಲ್ಕೈದು ದಪ್ಪ ಪಠ್ಯಪುಸ್ತಕಗಳ ಮೇಲಿಡಿ. ಬೆಳಕು ಮುಖದ ಎದುರಿನಿಂದ ಬರಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟು ಒಂದೇ ಇದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ, ಆದ್ದರಿಂದ ಲ್ಯಾಪ್‌ಟಾಪಿನ ಹಿಂದೆ ಒಂದು ಟೇಬಲ್ ಲ್ಯಾಂಪನ್ನು ಗೋಡೆಯ ಕಡೆ ತಿರುಗಿಸಿಟ್ಟರೆ ಸಾಕು. ಫ್ಯಾನ್ ನಿಲ್ಲಿಸಿ, ಅದರ ಗಾಳಿಯ ಸದ್ದು ಮೈಕಿನಲ್ಲಿ ನಿಮ್ಮ ದನಿಯನ್ನು ನುಂಗುತ್ತದೆ. ತಂತಿಯಿರುವ ಇಯರ್‌ಫೋನ್ ಬಳಸಿ. ಹಿನ್ನೆಲೆಗೆ ಖಾಲಿ ಗೋಡೆ ಇರಲಿ, ಕೃತಕ ಹಿನ್ನೆಲೆ ಬೇಡ. ಸಂದರ್ಶಕರ ಮುಖವಿರುವ ಕಿಟಕಿಯನ್ನು ಚಿಕ್ಕದು ಮಾಡಿ ಕ್ಯಾಮೆರಾದ ಕೆಳಗೇ ಎಳೆದುಕೊಂಡು ನಿಮ್ಮದೇ ಮುಖ ನಿಮಗೆ ಕಾಣದಂತೆ ಮರೆಮಾಡಿದರೆ ದೃಷ್ಟಿ ಅತ್ತಿತ್ತ ಅಲೆಯುವುದು ನಿಲ್ಲುತ್ತದೆ. ಉಡುಪಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಭೇಟಿಯಾಗಲು ಏನು ಧರಿಸುವಿರೋ ಅದನ್ನೇ, ಸೊಂಟದ ಕೆಳಗೂ ಸೇರಿ, ಧರಿಸಿ.

ನಿಮ್ಮ ಹೆಸರು

ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲವಾದ್ದರಿಂದ ಬೇರೆಯಾಗಿಯೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಸರಿನ ಹಿಂದೆ ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಶಿಯಲ್ ಬಿಡಿಸಿಕೊಂಡು ತಂದೆಯ ಹೆಸರೋ ಊರಿನ ಹೆಸರೋ ಉಪನಾಮದ ಜಾಗದಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಔಪಚಾರಿಕವಾಗಿ ಉಪನಾಮದಿಂದಲೇ ಕರೆಯುವುದರಿಂದ ಸಂದರ್ಶಕರು ನಿಮ್ಮನ್ನು ನಿಮ್ಮ ತಂದೆಯ ಹೆಸರಿನಿಂದಲೋ ಅಜ್ಜನ ಊರಿನ ಹೆಸರಿನಿಂದಲೋ ‘ಡಾಕ್ಟರ್’ ಎಂದು ಸಂಬೋಧಿಸುತ್ತಾರೆ. ಆ ಕ್ಷಣದಲ್ಲಿ ಯಾರನ್ನೋ ಕರೆದಂತೆ ಅನಿಸಿ ತಡವರಿಸಿದವರನ್ನು ನಾನು ನೋಡಿದ್ದೇನೆ. ಪರದೆಯ ಮೇಲೆ ತೋರುವ ಹೆಸರು ಅರ್ಜಿಯಲ್ಲಿರುವಂತೆಯೇ ಇರಲಿ, ಮನೆಯವರ ಫೋನಿನ ಹೆಸರೋ ಅಡ್ಡಹೆಸರೋ ಉಳಿದಿರದಿರಲಿ. ಮೊದಲ ವಾಕ್ಯದಲ್ಲೇ ನಿಮ್ಮನ್ನು ಹೇಗೆ ಕರೆಯಬೇಕೆಂದು ಸ್ಪಷ್ಟವಾಗಿ, ನಿಧಾನವಾಗಿ ಹೇಳಿ. ಅವರ ಹೆಸರುಗಳ ಉಚ್ಚಾರಣೆಯನ್ನೂ ಹಿಂದಿನ ದಿನವೇ ತಿಳಿದುಕೊಂಡಿರಿ. ‘ಸರ್’, ‘ಮೇಡಂ’ ಎಂಬ ನಮ್ಮ ರೂಢಿಯ ಬದಲು ಡಾಕ್ಟರ್ ಎಂಬುದಕ್ಕೆ ಅವರ ಉಪನಾಮವನ್ನು ಸೇರಿಸಿ ಕರೆಯುವುದು ಅಲ್ಲಿಯ ಕ್ರಮ.

ಏನು ಕೇಳುತ್ತಾರೆ, ಹೇಗೆ ಹೇಳುವುದು

ಸಾಮಾನ್ಯವಾಗಿ ಪ್ರೋಗ್ರಾಂ ಡೈರೆಕ್ಟರ್ ಮೊದಲು ಎಲ್ಲರಿಗೂ ಒಂದು ಪರಿಚಯ ಭಾಷಣ ಮಾಡುತ್ತಾರೆ, ಅನಂತರ ಎರಡು ಮೂರು ಅಧ್ಯಾಪಕರು ಒಬ್ಬೊಬ್ಬರಾಗಿ ಪ್ರತ್ಯೇಕ ಕೋಣೆಗಳಲ್ಲಿ ಮಾತನಾಡಿಸುತ್ತಾರೆ, ನಡುವೆ ಚೀಫ್ ರೆಸಿಡೆಂಟರೊಡನೆ ಪ್ರಶ್ನೋತ್ತರವಿರುತ್ತದೆ. ಒಟ್ಟು ಮೂರರಿಂದ ಐದು ಗಂಟೆ. ನಿಮ್ಮ ಬಗ್ಗೆ ಹೇಳಿ, ಈ ವಿಭಾಗವೇ ಏಕೆ, ನಮ್ಮ ಪ್ರೋಗ್ರಾಂ ಏಕೆ, ಸಹೋದ್ಯೋಗಿಯೊಂದಿಗೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ, ನೀವು ಮಾಡಿದ ಒಂದು ತಪ್ಪು ಯಾವುದು, ಮರೆಯಲಾಗದ ಒಬ್ಬ ರೋಗಿಯ ಕಥೆ ಹೇಳಿ: ಕೇಳುವ ರೀತಿ ಬೇರೆಯಾದರೂ ಪ್ರಶ್ನೆಗಳು ಬಹುಮಟ್ಟಿಗೆ ಇವೇ. ಇವುಗಳಿಗೆ ಉತ್ತರವನ್ನು ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದ್ದು ಪರದೆಯಲ್ಲಿ ಎದುರಿಗಿಂತ ಹೆಚ್ಚು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಣ್ಣು ಒಂದೇ ಕಡೆ ನೆಟ್ಟು, ದನಿ ಸಮತಟ್ಟಾಗಿ ಹರಿಯುತ್ತದೆ. ಪಕ್ಕದ ಪರದೆಯಲ್ಲಿ ಬರೆದಿಟ್ಟುಕೊಂಡು ಓದುವುದು, ಯಾವುದಾದರೂ ತಂತ್ರಾಂಶದಿಂದ ಆಗಲೇ ಉತ್ತರ ಬರೆಸಿಕೊಳ್ಳುವುದು ಇನ್ನೂ ಬೇಗ ತಿಳಿಯುತ್ತದೆ, ತಿಳಿದ ಮೇಲೆ ಆ ಅರ್ಜಿಯ ಕಥೆ ಅಲ್ಲಿಗೇ ಮುಗಿಯುತ್ತದೆ. ಇದರ ಬದಲು ನಿಮ್ಮ ಜೀವನದ ಆರೇಳು ನಿಜ ಘಟನೆಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಪರಿಸ್ಥಿತಿ ಏನಿತ್ತು, ನೀವು ಏನು ಮಾಡಿದಿರಿ, ಏನಾಯಿತು, ಮುಂದೆ ನಿಮ್ಮ ನಡವಳಿಕೆ ಹೇಗೆ ಬದಲಾಯಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದುಕೊಂಡು, ಪ್ರತಿ ಘಟನೆಯನ್ನೂ ಎರಡು ನಿಮಿಷದೊಳಗೆ ಬೇರೆ ಬೇರೆ ಮಾತುಗಳಲ್ಲಿ ಹೇಳಿ ಅಭ್ಯಾಸ ಮಾಡಿ.

ಒಂದು ಉದಾಹರಣೆ ಕೊಡುತ್ತೇನೆ. ಕಡ್ಡಾಯ ಗ್ರಾಮೀಣ ಸೇವೆಯಲ್ಲಿಯೋ ಗುತ್ತಿಗೆಯ ಮೇಲೆಯೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ದುಡಿದವರು ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರು ‘ಹಳ್ಳಿಯಲ್ಲಿ ಕೆಲಸ ಮಾಡಿದೆ, ಸೌಲಭ್ಯ ಕಡಿಮೆಯಿತ್ತು, ಬಹಳ ಕಲಿತೆ’ ಎಂದು ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕೇಳುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದರ ಬದಲು ಹೀಗೆ ಹೇಳಬಹುದು: ‘ಸಂಜೆ ಏಳಕ್ಕೆ ಕೊಳಕುಮಂಡಲ ಕಚ್ಚಿದ ರೈತರೊಬ್ಬರನ್ನು ಕರೆತಂದರು. ನಮ್ಮಲ್ಲಿ ಪ್ರಯೋಗಾಲಯ ಆ ಹೊತ್ತಿನಲ್ಲಿ ಇರಲಿಲ್ಲ. ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟೆ, ಹೆಪ್ಪುಗಟ್ಟಲಿಲ್ಲ. ವಿಷ ರಕ್ತಕ್ಕೆ ಸೇರಿದೆಯೆಂದು ಅದರಿಂದ ತಿಳಿದು, ಇದ್ದ ಪ್ರತಿವಿಷವನ್ನು ಆರಂಭಿಸಿ, ಅಲರ್ಜಿಯ ಪ್ರತಿಕ್ರಿಯೆಗೆ ಸಿದ್ಧನಾಗಿ ಪಕ್ಕದಲ್ಲೇ ನಿಂತೆ. ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿ, ನರ್ಸ್ ಒಬ್ಬರ ಜೊತೆ 108 ಆಂಬುಲೆನ್ಸಿನಲ್ಲಿ ಕಳಿಸಿದೆ.’ ಹಾವು ಕಡಿತವನ್ನೇ ನೋಡಿರದ ಅಮೆರಿಕದ ಅಧ್ಯಾಪಕರೂ ಇದನ್ನು ಕೇಳಿದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ, ಏಕೆಂದರೆ ಇದರಲ್ಲಿ ಅವರು ಹುಡುಕುತ್ತಿರುವುದೆಲ್ಲ ಇದೆ: ಕೈಯಲ್ಲಿದ್ದುದರಿಂದ ತೀರ್ಮಾನಿಸುವುದು, ಅಪಾಯವನ್ನು ಮುಂಗಾಣುವುದು, ಮಿತಿಯನ್ನರಿತು ದೊಡ್ಡ ಆಸ್ಪತ್ರೆಗೆ ಸರಿಯಾಗಿ ಒಪ್ಪಿಸುವುದು. ಶಿವಮೊಗ್ಗದ ಕಡೆ ಕೆಲಸ ಮಾಡಿದವರಿಗೆ ಮಂಗನ ಕಾಯಿಲೆಯ ಅನುಭವವಿರಬಹುದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಹುಳುವಿನಿಂದ (ಉಣುಗು) ಹರಡುವ ವೈರಸ್ ಜ್ವರ ಅದೆಂದು ಒಂದು ಸಾಲಿನಲ್ಲಿ ಹೇಳಿ ಮುಂದುವರಿಯಿರಿ. ನಮಗೆ ದಿನನಿತ್ಯದ್ದಾದುದು ಅವರಿಗೆ ಅಪರೂಪದ್ದು. ಅದನ್ನು ಬಡತನದ ಕಥೆಯನ್ನಾಗಿ ಮಾಡದೆ ವೈದ್ಯಕೀಯದ ಕಥೆಯಾಗಿ ಹೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಆದರೆ ಘಟನೆ ನಿಮ್ಮದೇ ಆಗಿರಬೇಕು. ಎರಡನೆಯ ಪ್ರಶ್ನೆಗೇ ಎರವಲು ಕಥೆ ಬಯಲಾಗುತ್ತದೆ. ರೋಗಿಯ ಹೆಸರು, ಊರು ಹೇಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅರ್ಜಿಯಲ್ಲಿರುವ ಕೊರತೆಯನ್ನು ಅವರು ಕೇಳಿಯೇ ಕೇಳುತ್ತಾರೆ. ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿದ್ದರೆ, ನೀಟ್ ಪಿಜಿಗೆ ಓದುತ್ತ ಎರಡು ವರ್ಷ ಕಳೆದಿದ್ದರೆ, ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿ ನಿಂತುಹೋಗಿದ್ದರೆ, ಮೂರು ವಾಕ್ಯಗಳಲ್ಲಿ ಹೇಳಿ: ಏನಾಯಿತು, ಏನನ್ನು ಬದಲಿಸಿಕೊಂಡೆ, ಅದರ ಫಲ ಎಲ್ಲಿ ಕಾಣುತ್ತದೆ. ನೀಟ್ ಪಿಜಿ ಎಂದರೇನೆಂದು ಅವರಿಗೆ ಗೊತ್ತಿರುವುದಿಲ್ಲ, ಬಿಡಿಸಿ ಹೇಳಿ. ಸಬೂಬಿನ ಅಗತ್ಯವಿಲ್ಲ, ಅತಿಯಾದ ಪಶ್ಚಾತ್ತಾಪವೂ ಬೇಡ. ಹಾಗೆಯೇ, ನಿಮ್ಮ ಅರ್ಜಿಯಲ್ಲಿ ಬರೆದಿರುವ ಸಂಶೋಧನೆಯ ಪ್ರತಿಯೊಂದು ಸಾಲನ್ನೂ ನೀವೇ ವಿವರಿಸಬಲ್ಲವರಾಗಿರಬೇಕು. ಐದನೆಯ ಲೇಖಕರಾಗಿದ್ದರೆ ನಿಮ್ಮ ಪಾಲಿನ ಕೆಲಸ ಎಷ್ಟಿತ್ತೋ ಅಷ್ಟನ್ನೇ ಹೇಳಿ.

‘ನಮ್ಮ ಪ್ರೋಗ್ರಾಂ ಏಕೆ’ ಎಂಬ ಪ್ರಶ್ನೆಗೆ ಜಾಲತಾಣದ ಹೊಗಳಿಕೆಯನ್ನು ಮರಳಿ ಒಪ್ಪಿಸಿದರೆ ಪ್ರಯೋಜನವಿಲ್ಲ. ಆಸ್ಪತ್ರೆ ಯಾವ ಬಗೆಯ ಜನರಿಗೆ ಚಿಕಿತ್ಸೆ ನೀಡುತ್ತದೆ, ತರಬೇತಿ ಮುಗಿಸಿದವರು ಎಲ್ಲಿಗೆ ಹೋಗಿದ್ದಾರೆ, ನಿಮ್ಮ ಆಸಕ್ತಿಯ ಕೆಲಸ ಅಲ್ಲಿ ಯಾರು ಮಾಡುತ್ತಿದ್ದಾರೆ ಎಂಬ ಸಂಗತಿಗಳಲ್ಲಿ ಎರಡಕ್ಕೆ ನಿಮ್ಮ ಬದುಕಿನ ಒಂದು ಸಂಗತಿಯನ್ನು ಜೋಡಿಸಿ. ಅರ್ಜಿಯ ಜೊತೆಗೆ ಆ ಪ್ರೋಗ್ರಾಂಗೆ ಸಿಗ್ನಲ್, ಎಂದರೆ ನಿಮ್ಮಲ್ಲಿ ವಿಶೇಷ ಆಸಕ್ತಿಯಿದೆಯೆಂಬ ಸೂಚನೆ, ಕಳಿಸಿದ್ದರೆ ಈ ಪ್ರಶ್ನೆ ಇನ್ನೂ ಗಂಭೀರವಾಗಿ ಬರುತ್ತದೆ.

ಕೆಲವನ್ನು ಅವರು ಕೇಳುವಂತಿಲ್ಲ. ಬೇರೆ ಯಾವ ಪ್ರೋಗ್ರಾಂಗಳಿಗೆ ಅರ್ಜಿ ಹಾಕಿದ್ದೀರಿ, ನಮ್ಮನ್ನು ಎಷ್ಟನೆಯ ಸ್ಥಾನದಲ್ಲಿ ಇಡುವಿರಿ ಎಂದು ಕೇಳುವುದನ್ನು, ಅಭ್ಯರ್ಥಿಗಳ ಮತ್ತು ಪ್ರೋಗ್ರಾಂಗಳ ಆದ್ಯತಾ ಪಟ್ಟಿಗಳನ್ನು ಹೋಲಿಸಿ ಯಾರಿಗೆ ಯಾವ ಜಾಗವೆಂದು ನಿಗದಿಪಡಿಸುವ ಹೊಂದಾಣಿಕೆಯನ್ನು (ಮ್ಯಾಚ್) ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಯ ನಿಯಮಗಳು ನಿಷೇಧಿಸುತ್ತವೆ. ಮದುವೆ, ಮಕ್ಕಳು, ಧರ್ಮದ ಪ್ರಶ್ನೆಗಳೂ ಸಲ್ಲವು. ಯಾರಾದರೂ ಸಹಜ ಕುತೂಹಲದಿಂದ ಕೇಳಿಬಿಟ್ಟರೆ ಜಗಳಕ್ಕೆ ನಿಲ್ಲದೆ, ತರಬೇತಿಗೆ ಅಡ್ಡಿಯಾಗುವಂಥದ್ದೇನೂ ಇಲ್ಲವೆಂದು ಹೇಳಿ ಮಾತನ್ನು ಕೆಲಸದ ಕಡೆಗೆ ತಿರುಗಿಸಿ. ವೀಸಾ ಪ್ರಾಯೋಜನೆ ಬೇಕೇ ಎಂದು ಕೇಳಬಹುದು, ಅದಕ್ಕೆ ನೇರ ಉತ್ತರ ಕೊಡಿ. ವಿನಿಮಯ ಕಾರ್ಯಕ್ರಮದ ಜೆ-1 ವೀಸಾದಲ್ಲಿ ತರಬೇತಿಯ ನಂತರ ಎರಡು ವರ್ಷ ಸ್ವದೇಶಕ್ಕೆ ಮರಳುವ ಷರತ್ತಿದೆ. ಉದ್ಯೋಗ ವೀಸಾ ಎಚ್-1ಬಿಗೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೂರನೆಯ ಹಂತ ಮೊದಲೇ ಮುಗಿದಿರಬೇಕು, ಜೊತೆಗೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಪಾವತಿಯ ಆದೇಶ ಬಂದಿತು. ಯಾವ ವೀಸಾ ಕೊಡುತ್ತಾರೆಂಬುದನ್ನು ಡೈರೆಕ್ಟರ್ ಎದುರು ಚರ್ಚಿಸದೆ, ಪ್ರೋಗ್ರಾಂನ ಕಚೇರಿ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಇಮೇಲ್ ಬರೆದು ಮೊದಲೇ ತಿಳಿದುಕೊಳ್ಳಿ.

ಕೊನೆಯಲ್ಲಿ ‘ನಮ್ಮನ್ನು ಏನಾದರೂ ಕೇಳುವುದಿದೆಯೇ’ ಎನ್ನುತ್ತಾರೆ. ಇಲ್ಲ ಎನ್ನಬಾರದು. ನನಗೆ ಅತ್ಯಂತ ಉಪಯುಕ್ತವೆನಿಸಿದ ಪ್ರಶ್ನೆ ಇದು: ಹೊರದೇಶದಿಂದ ಬಂದ ಮೊದಲ ವರ್ಷದ ಇಂಟರ್ನ್‌ಗೆ ನಿಮ್ಮ ಆಸ್ಪತ್ರೆಯ ಕಂಪ್ಯೂಟರ್ ದಾಖಲೆ ವ್ಯವಸ್ಥೆಯೂ ಇಲ್ಲಿಯ ರೀತಿರಿವಾಜುಗಳೂ ಹೊಸವು, ತರಬೇತಿ ಆರಂಭವಾಗುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅವರಿಗೆ ಯಾರು ಹೇಗೆ ಕೈಹಿಡಿಯುತ್ತಾರೆ? ಈ ಪ್ರಶ್ನೆಗೆ ಸಿಗುವ ಉತ್ತರದ ಸ್ಪಷ್ಟತೆಯಿಂದ ಆ ಜಾಗದ ಗುಣವನ್ನು ಬಹುಮಟ್ಟಿಗೆ ಅಳೆಯಬಹುದು. ಬಾಡಿಗೆ, ರಾತ್ರಿ ಪಾಳಿ, ಕಾರಿಲ್ಲದೆ ಬದುಕಬಹುದೇ ಎಂಬುದನ್ನೆಲ್ಲ ರೆಸಿಡೆಂಟರ ಬಳಿ ಕೇಳಿ.

ನಮ್ಮ ಇಂಗ್ಲಿಷನ್ನು ಅವರಿಗೆ ತಲುಪಿಸುವುದು

ಉಚ್ಚಾರಣೆಯನ್ನು ಅಮೆರಿಕದ ಧಾಟಿಗೆ ತಿರುಚುವ ಪ್ರಯತ್ನ ಮಾಡಲೇಬೇಡಿ. ತಿದ್ದಿಕೊಳ್ಳಬೇಕಾದದ್ದು ವೇಗ ಮತ್ತು ಪದ. ನಾವು ‘2021ರಲ್ಲಿ ಪಾಸ್ ಔಟ್ ಆದೆ’ ಎನ್ನುತ್ತೇವೆ. ಅವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದೆ ಎಂದು ಕೇಳಿಸುತ್ತದೆ. ಹೌಸ್ ಸರ್ಜನ್ ಎಂದರೆ ಅಲ್ಲಿ ಅರ್ಥವಾಗದು, ಇಂಟರ್ನ್ ಎನ್ನಿ. ಕ್ಯಾಶುವಲ್ಟಿಯನ್ನು ಎಮರ್ಜೆನ್ಸಿ ಡಿಪಾರ್ಟ್‌ಮೆಂಟ್ ಎಂದೂ, ಥಿಯೇಟರನ್ನು ಆಪರೇಟಿಂಗ್ ರೂಮ್ ಎಂದೂ, ಪೋಸ್ಟಿಂಗನ್ನು ರೊಟೇಶನ್ ಎಂದೂ ಹೇಳಿ. ಔಷಧಗಳಲ್ಲಿ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ಲಕ್ಷ, ಕೋಟಿಯ ಲೆಕ್ಕ ಅವರಿಗೆ ತಿಳಿಯದು. ಪ್ರಶ್ನೆ ಮುಗಿದ ಕೂಡಲೇ ಉತ್ತರಿಸತೊಡಗದೆ ಒಂದು ಉಸಿರಿನಷ್ಟು ಹೊತ್ತು ಕಾಯಿರಿ. ಸಾಗರದಾಚೆಯ ದನಿ ತುಸು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಮಾತನಾಡುವಂತಾಗುತ್ತದೆ. ಪ್ರಶ್ನೆ ಕೇಳಿಸದಿದ್ದರೆ ಊಹಿಸಿ ಉತ್ತರಿಸುವುದಕ್ಕಿಂತ ಮತ್ತೊಮ್ಮೆ ಹೇಳಿ ಎನ್ನುವುದು ಎಷ್ಟೋ ಮೇಲು.

ಅಭ್ಯಾಸದ ಸಂದರ್ಶನವನ್ನು ಕನಿಷ್ಠ ಐದು ಬಾರಿಯಾದರೂ ಮಾಡಿ, ಅದೂ ಪಕ್ಕದಲ್ಲಿ ಕೂತ ಗೆಳೆಯರೊಂದಿಗಲ್ಲ, ಬೇರೆ ಮನೆಯಿಂದ ವೀಡಿಯೊ ಮೂಲಕ, ನಿಜವಾದ ಸಂದರ್ಶನದ ಹೊತ್ತಿನಲ್ಲೇ. ಒಮ್ಮೆಯಾದರೂ ರೆಕಾರ್ಡ್ ಮಾಡಿ ನೋಡಿಕೊಳ್ಳಿ. ನಿಜವಾದ ಸಂದರ್ಶನವನ್ನು ಮಾತ್ರ ಎಂದಿಗೂ ರೆಕಾರ್ಡ್ ಮಾಡಬಾರದು.

ಆ ದಿನ

ಹಿಂದಿನ ರಾತ್ರಿ ಡ್ಯೂಟಿ ಬೇಡ. ಸಹೋದ್ಯೋಗಿಗಳನ್ನು ಕೇಳಿ ಬದಲಿಸಿಕೊಳ್ಳಿ. ಪಶ್ಚಿಮ ತೀರದ ಸಂದರ್ಶನ ನಮ್ಮ ನಡುರಾತ್ರಿ ದಾಟಿ ಎರಡು ಗಂಟೆಯವರೆಗೂ ಎಳೆಯಬಹುದಾದ್ದರಿಂದ ಮಧ್ಯಾಹ್ನ ಎರಡು ತಾಸು ಮಲಗಿ. ಸಂಜೆ ಹಗುರವಾಗಿ ಉಂಡು ಕುಳಿತುಕೊಳ್ಳಿ. ಲ್ಯಾಪ್‌ಟಾಪನ್ನು ಮಧ್ಯಾಹ್ನವೇ ಅಪ್‌ಡೇಟ್ ಮಾಡಿ, ಒಮ್ಮೆ ಆರಿಸಿ ಹಚ್ಚಿ, ಬೇರೆಲ್ಲ ಕಿಟಕಿಗಳನ್ನು ಮುಚ್ಚಿ. ಪ್ರೋಗ್ರಾಂನ ಕೊಂಡಿಯಲ್ಲಿ ಮೈಕು, ಕ್ಯಾಮೆರಾ ಅನುಮತಿಯನ್ನು ಪರೀಕ್ಷಿಸಿ. ಕೋಆರ್ಡಿನೇಟರ್‌ನ ಇಮೇಲ್ ಮತ್ತು ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಅಂತಾರಾಷ್ಟ್ರೀಯ ಕರೆಯ ಸೌಲಭ್ಯವನ್ನು ಮೊದಲೇ ತೆರೆಸಿಡಿ. ಮನೆಯವರಿಗೆ ಬಾಗಿಲಿನ ಹೊರಗೆ ಕಾವಲಿನ ಕೆಲಸ ಒಪ್ಪಿಸಿ: ಕಾಲಿಂಗ್ ಬೆಲ್, ಕುಕ್ಕರ್ ಸೀಟಿ, ಟಿವಿ ಅವರ ಹೊಣೆ. ಕೋಣೆಯೊಳಗೆ ಯಾರೂ ಇರಬಾರದು.

ಹತ್ತು ನಿಮಿಷ ಮೊದಲು ಸೇರಿ. ಸಂಪರ್ಕ ಕಡಿದರೆ ಹಾಟ್‌ಸ್ಪಾಟಿಗೆ ಜೋಡಿಸಿಕೊಂಡು ಮರಳಿ ಬನ್ನಿ, ಎರಡು ನಿಮಿಷದಲ್ಲಿ ಆಗದಿದ್ದರೆ ಫೋನಿನಿಂದಲೇ ಸೇರಿ, ಅದೂ ಆಗದಿದ್ದರೆ ಕೋಆರ್ಡಿನೇಟರ್‌ಗೆ ಕರೆ ಮಾಡಿ. ಮರಳಿದ ಮೇಲೆ ಒಂದೇ ವಾಕ್ಯದಲ್ಲಿ ಕ್ಷಮೆ ಕೇಳಿ, ನಿಲ್ಲಿಸಿದ ಮಾತಿನಿಂದ ಮುಂದುವರಿಯಿರಿ. ಹಿಂದಿನ ಸಂಜೆಯ ರೆಸಿಡೆಂಟರ ಕೂಟವನ್ನು ಹರಟೆಯೆಂದು ತಳ್ಳಿಹಾಕಬೇಡಿ. ಅಲ್ಲಿ ನೀವು ಹೇಗೆ ಕೇಳಿಸಿಕೊಂಡಿರಿ, ಬೇರೆ ಅಭ್ಯರ್ಥಿಗಳಿಗೆ ಮಾತನಾಡಲು ಬಿಟ್ಟಿರಾ ಎಂಬುದು ಡೈರೆಕ್ಟರ್‌ವರೆಗೆ ತಲುಪುವುದುಂಟು. ಕೋಆರ್ಡಿನೇಟರ್ ಜೊತೆಗಿನ ಪ್ರತಿ ಪತ್ರವೂ ಅಷ್ಟೇ ಸಂದರ್ಶನದ ಭಾಗ.

ಮುಗಿದ ಮೇಲೆ

ಎಷ್ಟೇ ನಿದ್ದೆ ಬಂದಿದ್ದರೂ ಆ ರಾತ್ರಿಯೇ ಒಂದು ಪುಟ ಬರೆಯಿರಿ: ಯಾರು ಮಾತನಾಡಿಸಿದರು, ಏನು ಕೇಳಿದರು, ರೆಸಿಡೆಂಟರು ಒಬ್ಬರೊಡನೊಬ್ಬರು ಹೇಗಿದ್ದರು, ಯಾವ ವೀಸಾ, ಅಲ್ಲಿ ಮೂರು ವರ್ಷ ಇರಬಲ್ಲೆನೆಂದು ಅನಿಸಿತೇ. ಆಸ್ಪತ್ರೆಗೆ ಕಾಲಿಡದೆ ಪರದೆಯಲ್ಲಷ್ಟೇ ಕಂಡ ಹತ್ತು ಜಾಗಗಳು ಫೆಬ್ರವರಿಯ ವೇಳೆಗೆ ನೆನಪಿನಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಆಗ ನಿಮಗೆ ಉಳಿಯುವುದು ಈ ಪುಟಗಳೇ. ಧನ್ಯವಾದ ಪತ್ರ ಬೇಡವೆಂದು ಪ್ರೋಗ್ರಾಂ ಹೇಳಿದ್ದರೆ ಬರೆಯಬೇಡಿ. ಹೇಳದಿದ್ದರೆ ಮರುದಿನ ನಾಲ್ಕು ಸಾಲು, ಆಡಿದ ಮಾತುಗಳಲ್ಲಿ ಒಂದನ್ನು ನೆನೆದು, ಬರೆದರೆ ಸಾಕು. ‘ನಿಮ್ಮನ್ನೇ ಮೊದಲು ಇಡುತ್ತೇನೆ’ ಎಂಬ ಮಾತನ್ನು ಹಲವರಿಗೆ ಕೊಡುವುದು ಸುಳ್ಳು, ಅದನ್ನು ಮಾಡಬಾರದು. ಅವರಿಂದ ಬರುವ ಅಕ್ಕರೆಯ ಪತ್ರಗಳನ್ನೂ ಭರವಸೆಯೆಂದು ತಿಳಿಯಬೇಡಿ.

ಆದ್ಯತಾ ಪಟ್ಟಿಯನ್ನು ಸಿದ್ಧಪಡಿಸುವಾಗ ನಿಮ್ಮನ್ನು ಯಾರು ಆರಿಸಬಹುದೆಂಬ ಊಹೆಯ ಮೇಲೆ ಕ್ರಮ ಹಾಕಬೇಡಿ. ಹೊಂದಾಣಿಕೆಯ ಗಣಿತ ಅಭ್ಯರ್ಥಿಯ ಆಯ್ಕೆಯಿಂದಲೇ ಆರಂಭವಾಗುವಂತೆ 1998ರಿಂದ ರೂಪುಗೊಂಡಿದೆ. ಅದನ್ನು ಮರುರೂಪಿಸಿದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಲಾಯ್ಡ್ ಶ್ಯಾಪ್ಲಿ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿತು. ನಿಜವಾಗಿ ಎಲ್ಲಿಗೆ ಹೋಗಬಯಸುವಿರೋ ಅದನ್ನು ಮೊದಲು ಬರೆದರೆ ನಿಮಗೆ ನಷ್ಟವಾಗದು. ಪಟ್ಟಿ ಉಳಿಸಿದರೆ ಸಾಲದು, ದೃಢೀಕರಿಸುವ ಗುಂಡಿ ಒತ್ತಿ, ದೃಢೀಕೃತ ಎಂದು ತೋರುವುದನ್ನು ಕಣ್ಣಾರೆ ನೋಡಬೇಕು. ಗಡುವು ಈಸ್ಟರ್ನ್ ಸಮಯ ರಾತ್ರಿ ಒಂಬತ್ತು ಎಂದಿದ್ದರೆ ಅದು ನಮಗೆ ಮರುದಿನ ಬೆಳಿಗ್ಗೆ 7:30. ಕರೆಂಟಿರುವ ಒಂದು ಹಗಲು ನೋಡಿಕೊಂಡು, ಅದಕ್ಕೆ ವಾರ ಮೊದಲೇ ಮುಗಿಸಿ.